ಹೊಡಿ, ಹಿಡಿ, ಬಿಡು: ಒಬ್ಬನೇ ಕುಂತು ಬ್ರೇಕಿನ ಏರ್ ತೆಗದಿದ್ದು

ನಮ್ಮ ಮನ್ಯಾಗ ಎರಡು ಕೆಲಸಕ್ಕ ಇಬ್ರು ಬೇಕಾ ಬೇಕು. ಒಂದು ಬ್ಯಾಸಿಗ್ಯಾಗ ಹಪ್ಪಳಾ ಮಾಡೋದು, ಇನ್ನೊಂದು ಗಾಡಿ ಬ್ರೇಕಿನ ಏರ್ ತೆಗಿಯೋದು. ಹಪ್ಪಳದ ಮುಂದ ಅವ್ವ ಮತ್ತ ನನ್ನಾಕಿ ಚಂದಂಗ ಮಾತಾಡ್ಕೋಂತ ಕುಂತಿರ್ತಾರ. ಬ್ರೇಕಿನ ಮುಂದ ನಾನೂ ಅಪ್ಪನೂ ಒದರಾಡಿದ್ದು ಮಾತ್ರ ಹುಬ್ಬಳ್ಳಿ ನವನಗರದ ನಮ್ಮ ಓಣಿ ಮಂದಿಗೆಲ್ಲ ಗೊತ್ತೈತಿ.

ಗಾಡಿ ಅಂದ್ರ ಸಣ್ಣ ಹ್ಯಾಚ್‌ಬ್ಯಾಕ್, 2012ರ ಮಾಡೆಲ್, ಮುಂದ ಡಿಸ್ಕ್ ಹಿಂದ ಡ್ರಮ್, ಬ್ರೇಕ್ ಹೊಡದಾಗ ಗಾಲಿ ಜಾಮ್ ಆಗದಂಗ ನೋಡ್ಕೊಳ್ಳೋ ಎಬಿಎಸ್ ಗಿಬಿಎಸ್ ಏನೂ ಇಲ್ಲ. ಕತಿ ಚಾಲೂ ಆಗಿದ್ದು ಎರಡು ವರ್ಷದ ಹಿಂದ ಅರಬೈಲ ಘಟ್ಟದಾಗ. ಮೇ ತಿಂಗಳು, ಗಾಡ್ಯಾಗ ಐದು ಮಂದಿ, ಡಿಕ್ಕಿ ತುಂಬ ಸಾಮಾನು, ಗೋಕರ್ಣಕ್ಕ ಹೊಂಟಿದ್ವಿ. ಕಲಘಟಗಿ ಆತು, ಯಲ್ಲಾಪುರದಾಗ ಚಾ ಕುಡದ್ವಿ, ಘಟ್ಟಾ ಇಳ್ಯಾಕ ಹತ್ತಿದ್ವಿ. ಮುಂದ ಒಂದು ಟ್ಯಾಂಕರ್, ಅದರ ಹಿಂದ ನಾನು, ಮೂರನೇ ಗೇರ್ ಹಾಕ್ಕೊಂಡು ಬ್ರೇಕ್ ಮ್ಯಾಲ ಕಾಲು ಇಟ್ಟಿದ್ದು ಇಟ್ಟಂಗ ಇಳದು ಬಂದೆ. ಇನ್ನೇನು ಘಟ್ಟಾ ಮುಗೀತು ಅನ್ನೂದ್ರಾಗ ಪೆಡಲ್ ಒಮ್ಮೆಲೆ ಮೆತ್ತಗಾತು ನೋಡ್ರಿ, ನೆನಸಿದ ಅರಳಿ ಮ್ಯಾಲ ಕಾಲಿಟ್ಟಂಗ. ಎರಡು ಸಲ, ಮೂರು ಸಲ ಹೊಡದ ಮ್ಯಾಲ ಚೂರು ಹಿಡೀತು. ಹಿಂದಿನ ಸೀಟಿನ್ಯಾಗಿಂದ ಅಪ್ಪ, ಮೂವತ್ತು ವರ್ಷ ಸರ್ಕಾರಿ ಬಸ್ ಹೊಡದ ಮನಷ್ಯಾ, ಒದರಿದ: "ಲೇ ತಮ್ಮಾ, ಎರಡಕ್ಕ ಹಾಕು! ಯಾವ ಗೇರಿನ್ಯಾಗ ಘಟ್ಟಾ ಏರ್ತೀಯೋ ಅದ ಗೇರಿನ್ಯಾಗ ಇಳೀಬೇಕು ಅಂತ ಎಷ್ಟು ಸಲ ಹೇಳೇನಿ." ಎರಡಕ್ಕ ಹಾಕಿ, ಹ್ಯಾಂಡ್ ಬ್ರೇಕ್ ಸಾವಕಾಶ ಎಳದು, ಬಾಜೂಕ ನಿಲ್ಲಿಸಿದೆ. ಮುಂದಿನ ಗಾಲಿ ಹತ್ರ ಸುಟ್ಟ ವಾಸನಿ. ಅರ್ಧಾ ತಾಸು ಕುಂತ ಮ್ಯಾಲ ಪೆಡಲ್ ಏನೂ ಆಗೇ ಇಲ್ಲ ಅನ್ನೂವಂಗ ಗಟ್ಟಿ ಆತು.

ಅದು ಯಾಕ ಹಂಗಾತು ಅಂದ್ರ ಬ್ರೇಕ್ ಆಯಿಲ್ ಅಂತ ನಾವು ಏನ್ ಕರೀತೀವಲ್ಲ ಅದು ಖರೇ ಅಂದ್ರ ಎಣ್ಣೀನ ಅಲ್ಲ, ಗ್ಲೈಕಾಲ್ ಜಾತಿದು, ಗಾಳ್ಯಾಗಿನ ನೀರಿನ ಪಸಿ ಎಳಕೋತೈತಿ. ಮಳಿಗಾಲದಾಗ ಡಬ್ಬಿ ಮುಚ್ಚಳಾ ತೆರದಿಟ್ಟ ಚಕ್ಕಲಿ ಮರುದಿನಕ್ಕ ಮೆತ್ತಗ ಆಕ್ಕಾವಲ್ಲ, ಹಂಗ. ಡಾಟ್ 3, ಡಾಟ್ 4 ಅಂತ ಈ ಆಯಿಲಿಗೆ ದರ್ಜೆ ಇರ್ತಾವು. ಡಾಟ್ 3 ಹೊಸಾದಿದ್ದಾಗ ಕಮ್ಮೀತ ಕಮ್ಮಿ 205 ಡಿಗ್ರಿ ಸೆಲ್ಸಿಯಸ್ ತನಕ ಕುದೀಬಾರ್ದು, ಆದ್ರ ಅದರಾಗ 3.7 ಪರ್ಸೆಂಟ್ ನೀರು ಸೇರಿದ್ರ ಆ ಮಿತಿ 140ಕ್ಕ ಇಳೀತೈತಿ. ಡಾಟ್ 4 ಆದ್ರ 230ರಿಂದ 155ಕ್ಕ. ಘಟ್ಟದಾಗ ಒಂದೇ ಸಮ ಬ್ರೇಕ್ ಹಿಡದು ಇಳದ್ರ ಡಿಸ್ಕ್ ಕಾದು, ಪ್ಯಾಡ್ ಕಾದು, ಆ ಕಾವು ಪ್ಯಾಡ್ ಒತ್ತೋ ಕ್ಯಾಲಿಪರಿನ ಒಳಗಿನ ಆಯಿಲ್ ತನಕ ಮುಟ್ಟತೈತಿ. ಹಳೇ ಆಯಿಲ್ ಅಲ್ಲೇ ಕುದ್ದು ಗುಳ್ಳಿ ಏಳತೈತಿ. ದ್ರವಾ ಒತ್ತಿದ್ರ ಕುಗ್ಗಂಗಿಲ್ಲ, ಗುಳ್ಳಿ ಒತ್ತಿದ್ರ ಕುಗ್ಗತೈತಿ, ನಿಮ್ಮ ಕಾಲಿನ ತಾಕತ್ತೆಲ್ಲ ಆ ಗುಳ್ಳಿ ಕುಗ್ಗಸೋದ್ರಾಗ ಹೋಗಿ ಗಾಲಿ ತನಕ ಬರೋದ ಇಲ್ಲ. ನಾನು ಆ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ವರ್ಷ ಆಗಿತ್ತು, ಒಮ್ಮೆನೂ ಬ್ರೇಕ್ ಆಯಿಲ್ ಬದಲಿ ಮಾಡಿದ್ದಿಲ್ಲ. ಎರಡು ವರ್ಷಕ್ಕೊಮ್ಮೆ ಮಾಡಬೇಕು ಅಂತ ಕಂಪನಿ ಪುಸ್ತಕದಾಗ ಬರದಿತ್ತು, ಪುಸ್ತಕ ಡ್ಯಾಶ್‌ಬೋರ್ಡಿನ್ಯಾಗ ಪ್ಲಾಸ್ಟಿಕ್ ಕವರ್ ಸಮೇತ ಹಂಗ ಇತ್ತು.

ಊರಿಗೆ ಬಂದ ಮ್ಯಾಲ ಗ್ಯಾರೇಜಿಗೆ ಯಾಕ ಹೋಗೋದು, ಆಯಿಲ್ ಬದಲಿ ಮಾಡಿ ಏರ್ ತೆಗಿಯೋದು ನಾವಾ ಮಾಡೋಣು ಅಂತ ಅಪ್ಪನ್ನ ಸೀಟಿನ್ಯಾಗ ಕುಂದರಿಸಿದೆ. ಗ್ಯಾರೇಜಿನ್ಯಾಗ ನೀವು ನೋಡಿರ್ತೀರಿ, ಒಬ್ಬ ಹುಡುಗ ಒಳಗ ಕುಂತಿರ್ತಾನ, ಮಿಸ್ತ್ರಿ ಗಾಲಿ ಹತ್ರ ಮಕ್ಕೊಂಡಿರ್ತಾನ. "ಹೊಡಿ" ಅಂದ್ರ ಪೆಡಲ್ ನಾಕೈದು ಸಲ ಹೊಡೀಬೇಕು, "ಹಿಡಿ" ಅಂದ್ರ ಒತ್ತಿ ಹಿಡೀಬೇಕು, ಆಗ ಮಿಸ್ತ್ರಿ ನಿಪ್ಪಲ್ (ಗಾಲಿ ಹತ್ರ ಬ್ರೇಕಿನ ಗಾಳಿ ಬಿಡಾಕ ಇರೋ ತೂತಿನ ಸಣ್ಣ ತಿರುಪು) ಬಿಚ್ಚತಾನ, ಚುಸ್ ಅಂತ ಗಾಳಿ ಆಯಿಲ್ ಕೂಡೇ ಬರ್ತೈತಿ, ನಿಪ್ಪಲ್ ಬಿಗಿ ಮಾಡಿದ ಮ್ಯಾಲ "ಬಿಡು" ಅಂತಾನ. ಇಡೀ ವಿದ್ಯಾ ಇಷ್ಟ. ಆದ್ರ ಅಪ್ಪಗ ಒಂದು ಕಿವಿ ಸ್ವಲ್ಪ ಮಂದ ಐತಿ, ಅವಗ ಹಿಡಿ ಅಂದದ್ದು ಬಿಡು ಅಂತ ಕೇಳ್ತು, ಬಿಡು ಅಂದದ್ದು ಹೊಡಿ ಅಂತ ಕೇಳ್ತು, ನಿಪ್ಪಲ್ ತೆರದಿದ್ದಾಗ ಕಾಲು ಬಿಟ್ಟು ಇದ್ದ ಗಾಳಿ ಸಾಲದು ಅಂತ ಇನ್ನಷ್ಟು ಗಾಳಿ ಒಳಗ ಎಳಕೊಂಡ್ವಿ. ಮತ್ತ ಅವನ ಕಾಲು ಅಂದ್ರ ಬಸ್ಸಿನ ಕಾಲು. ಬಸ್ಸಿನ ಪೆಡಲ್ ಬರೇ ಗಾಳಿ ವಾಲ್ವ್ ತೆಗಿತೈತಿ, ಕೆಳಗ ಮುಟ್ಟೂತನಕ ಒತ್ತಿದ್ರೂ ಅದಕ್ಕ ಏನೂ ಆಗಂಗಿಲ್ಲ. ನಮ್ಮ ಗಾಡಿ ಪೆಡಲ್‌ನ ಅವ ಹಂಗ ನೆಲಕ್ಕ ಬಡದು ಬಡದು ಒತ್ತಿದ. ನಡುವ ಒಂದು ಮಾತು ಹೇಳಿದ, ಸಿಟ್ಟಿನ್ಯಾಗೂ ನಗು ಬಂತು: "ನಮ್ಮ ಬಸ್ಸಿನ್ಯಾಗ ಏರ್ ಇಲ್ಲಂದ್ರ ಬ್ರೇಕ್ ಇಲ್ಲ, ನಿನ್ನ ಗಾಡ್ಯಾಗ ಏರ್ ಇದ್ರ ಬ್ರೇಕ್ ಇಲ್ಲ. ಇದ್ಯಾವ ತಲಿಕೆಟ್ಟ ಗಾಡಿಪಾ."

ಎರಡು ದಿನದ ಮ್ಯಾಲ ಹೊಸೂರ ಕ್ರಾಸಿನ ಸಿಗ್ನಲ್‌ದಾಗ ನಿಂತಾಗ ಪೆಡಲ್ ಕಾಲಿನ ಕೆಳಗ ಸಾವಕಾಶ ಇಳೀತಾ ಹೋತು. ಎಲ್ಲೂ ಸೋರಿಲ್ಲ, ಗಾಡ್ಯಾಗಿನ ಆಯಿಲ್ ಡಬ್ಬಿ ತುಂಬಿದ್ದು ತುಂಬಿದಂಗ ಐತಿ, ಆದ್ರೂ ಪೆಡಲ್ ಇಳೀತೈತಿ. ಮಿಸ್ತ್ರಿ ಮಾಸ್ಟರ್ ಸಿಲಿಂಡರ್, ಅಂದ್ರ ಪೆಡಲ್ ಒತ್ತಿದಾಗ ಆಯಿಲ್‌ನ ಗಾಲಿ ಕಡೆ ತಳ್ಳೋದು, ಬಿಚ್ಚಿ ಬಟ್ಟಲದಾಗ ಇಟ್ಟು ತೋರಿಸಿದ. ದಿನಾ ನಾವು ಬ್ರೇಕ್ ಹಾಕಿದಾಗ ಒಳಗಿನ ರಬ್ಬರ್ ಸೀಲು ಅರ್ಧಾ ದಾರಿ ಅಷ್ಟ ಓಡಾಡತಾವು. ಅದರ ಮುಂದಿನ ಅರ್ಧದಾಗ ವರ್ಷಗಟ್ಟಲೆ ಯಾರೂ ಹೋಗದ ಓಣಿ ಇದ್ದಂಗ, ಕಸಾ, ಜಂಗು ಎಲ್ಲಾ ಕುಂತಿರ್ತೈತಿ. ಏರ್ ತೆಗಿಯಾಕ ಪೆಡಲ್ ನೆಲಕ್ಕ ಮುಟ್ಟೂಹಂಗ ಒತ್ತಿದ್ರ ಸೀಲು ಮೊದಲನೇ ಸಲ ಆ ಜಂಗಿನ ಮ್ಯಾಲ ಹೋಗಿ ಹರೀತಾವು. ಸೀಲಿನ ತುದ್ಯಾಗ ಬ್ಲೇಡಿನಿಂದ ಗೀರಿದಂಗ ಸಣ್ಣ ಗೀರು ಇತ್ತು, ಉಗುರಿಗೆ ಹತ್ತಿತು. "ಅಣ್ಣಾರ, ಹಳೇ ಗಾಡಿಗೆ ಪೂರಾ ಹೊಡಸಬ್ಯಾಡ್ರಿ, ಕೆಳಗ ಕಟಗಿ ತುಂಡು ಇಡ್ರಿ" ಅಂದ ಅವ. ಹೊಸಾ ಮಾಸ್ಟರ್ ಸಿಲಿಂಡರಿಗೆ ರೊಕ್ಕ ಕೊಟ್ಟು ಕಲಿತ ಪಾಠ ಇದು, ನಿಮಗ ಪುಕ್ಕಟೆ.

ಈಗ ಮತ್ತ ಎರಡು ವರ್ಷ ಆತು. ಅಪ್ಪಗ ಮೊಣಕಾಲು ಆಪರೇಶನ್ ಆಗೇತಿ, ಅವನ್ನ ಕರೆಯಂಗಿಲ್ಲ (ಕರೆದಿದ್ರ ಬರತಿದ್ದ, ಅದ ಹೆದರಿಕಿ). ನನ್ನಾಕಿ ಮೊದಲ ಹೇಳಿದ್ಲು, "ರೀ, ನಿಮ್ಮ ಹೊಡಿ ಹಿಡಿಗೆ ನನ್ನ ಕರೀಬ್ಯಾಡ್ರಿ, ನನ್ನ ಕಿವಿ ಚಲೋ ಅದಾವು, ಅದಕ್ಕ ಹೇಳಾಕತ್ತೇನಿ." ಅಂದ್ರ ಒಬ್ಬನೇ ಮಾಡಬೇಕು. ಹೋದ ರವಿವಾರ ಮುಂಜಾನಿ ಸುಸಲಾ ತಿಂದು ಚಾ ಕುಡದು ಚಾಲೂ ಮಾಡಿದವಾ ಮುಗಿಸಿದ್ದು ಸಂಜೀ ನಾಕೂವರಿಗೆ. ಗೊತ್ತಿದ್ದವ್ರಿಗೆ ಎರಡು ತಾಸಿನ ಕೆಲಸ.

ಸಾಮಾನು ಏನ್ ಬೇಕು ಅಂದ್ರ ಅರ್ಧಾ ಲೀಟರಿನ ಡಾಟ್ 4 ಡಬ್ಬಿ ಎರಡು, ಸೀಲ್ ಒಡೀದಿದ್ದು. ಸಣ್ಣ ಗಾಡಿಗೆ ಒಂದು ಹತ್ತಿರ ಹತ್ತಿರ ಸಾಕಾಕ್ಕೈತಿ, ಆದ್ರ ರವಿವಾರ ನಡುವ ಕಡಿಮಿ ಬಿದ್ರ ಅಂಗಡಿ ತೆರದಿರಂಗಿಲ್ಲ. ಹೋದ ವರ್ಷ ತೆರದಿಟ್ಟ ಅರ್ಧಾ ಡಬ್ಬಿ ಐತಿ ಅಂತ ಅದನ್ನ ಹಾಕಬ್ಯಾಡ್ರಿ, ಚಕ್ಕಲಿ ಕತಿ ಮೊದಲ ಹೇಳೇನಿ. ನಿಮ್ಮ ಗಾಡ್ಯಾಗಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮ್ಯಾಲ ಏನ್ ಬರದೈತೋ ಅದನ್ನ ಹಾಕ್ರಿ, 3 ಇದ್ದಲ್ಲಿ 4 ನಡೀತೈತಿ, 5.1 ಸೈತ ಅದ ಗ್ಲೈಕಾಲ್ ಮನಿತನದ್ದ, ಆದ್ರ ಬರೇ 5 ಅಂತ ಇದ್ರ ಅದು ಸಿಲಿಕಾನ್, ಬ್ಯಾರೇ ಜಾತಿ, ಕೂಡಿಸಂಗಿಲ್ಲ. 5 ಮತ್ತ 5.1 ಅಂತ ಹೆಸರಿಟ್ಟವರಿಗೆ ಏನನ್ನಬೇಕೋ. ಆಮ್ಯಾಲ ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಹನಿನೂ ಬ್ರೇಕಿನ ಡಬ್ಬ್ಯಾಗ ಹೋಗಬಾರ್ದು, ಒಳಗಿನ ರಬ್ಬರೆಲ್ಲ ಉಬ್ಬತಾವು, ಅಷ್ಟಾದ ಮ್ಯಾಲ ಸೀಲು, ಹೋಸ್ ಎಲ್ಲಾ ಬದಲಿ ಮಾಡೋದ ದಾರಿ. ಪಾನಾ ಅಂದ್ರ ರಿಂಗ್ ಪಾನಾ, ಬಾಯಿ ತೆರದ ಪಾನಾ ಅಲ್ಲ. ನಿಪ್ಪಲ್ ಮೆತ್ತನ್ನ ಕಬ್ಬಿಣ, ಜಾರಿತು ಅಂದ್ರ ಮೂಲಿ ಹೋಗಿ ಗುಂಡಗ ಆಕ್ಕೈತಿ, ಆಮ್ಯಾಲ ದೇವ್ರ ಗತಿ. ನಿಪ್ಪಲಿಗೆ ಬಿಗಿಯಾಗಿ ಕೂಡೂವಂಥಾ ಒಳಗಿಂದು ಕಾಣೂ ಪೈಪ್, ಒಂದು ನೀರಿನ ಬಾಟ್ಲಿ, ಮೆಡಿಕಲ್ ಅಂಗಡ್ಯಾಗಿನ ದೊಡ್ಡ ಸಿರಿಂಜ್, ಹಳೇ ಬನಿಯನ್, ಒಂದು ಬಕೀಟ್ ನೀರು. ನೀರು ಯಾಕಂದ್ರ ಬ್ರೇಕ್ ಆಯಿಲ್ ಬಣ್ಣಾ ತಿಂತೈತಿ, ಹನಿ ಬಿತ್ತು ಅಂದ್ರ ಒರಸೂದಷ್ಟ ಅಲ್ಲ, ಆಗಿಂದಾಗ ನೀರು ಹಾಕಿ ತೊಳೀಬೇಕು. ನೀರಿನ್ಯಾಗ ಕರಗತೈತಿ ಅದು, ಅದೊಂದು ಚಲೋ ಗುಣ.

ಗಾಡಿ ಎತ್ತೂದ್ರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಜಾಕ್ ಅಷ್ಟನ್ನ ನಂಬಿ ಕೆಳಗ ಕೈ ಹಾಕಬ್ಯಾಡ್ರಿ, ಇಟ್ಟಂಗಿ ಮ್ಯಾಲ ಗಾಡಿ ಕುಂದರಸಬ್ಯಾಡ್ರಿ, ಇಟ್ಟಂಗಿ ಒಮ್ಮೆಲೆ ಪುಡಿ ಆಕ್ಕೈತಿ. ನನ್ನ ಹತ್ರ ಒಂದು ಸ್ಟ್ಯಾಂಡ್ ಐತಿ, ಅದರ ಮ್ಯಾಲ ಇನ್ನೂ ಬಿಚ್ಚಿದ ಗಾಲಿನ ಗಾಡಿ ಕೆಳಗ ಅಡ್ಡ ಮಲಗಿಸ್ತೀನಿ. ಸಮನ ಫರಸಿ, ಎದುರಿನ ಗಾಲಿಗೆ ಮುಂದ ಹಿಂದ ಕಲ್ಲು, ಗೇರಿನ್ಯಾಗ ಗಾಡಿ. ಹಿಂದಿನ ಗಾಲಿ ಎತ್ತಿದಾಗ ಹ್ಯಾಂಡ್ ಬ್ರೇಕ್ ನಂಬಂಗಿಲ್ಲ, ಅದು ಹಿಡಿಯೋದ ಹಿಂದಿನ ಗಾಲಿನ. ಒಂದು ಸಲಕ್ಕ ಒಂದ ಗಾಲಿ.

ಮೊದಲ ಸಿರಿಂಜ್‌ನಿಂದ ಗಾಡಿ ಡಬ್ಬ್ಯಾಗಿನ ಹಳೇ ಆಯಿಲ್ ಎಳದು ತೆಗದೆ, ಪೂರಾ ಅಲ್ಲ, ತಳದಾಗ ಚೂರು ಬಿಟ್ಟು. ಎರಡು ವರ್ಷದಾಗ ಚಾದ ಬಣ್ಣಕ್ಕ ಬಂದಿತ್ತು. ಹೊಸಾದು ಹಾಕಿದೆ, ಶೇಂಗಾ ಎಣ್ಣಿಗಿಂತ ತಿಳಿ. ಮುಂದ ಪೂರಾ ದಿನಾ ನೆನಪಿಡೋ ಮಾತು ಒಂದ: ಈ ಡಬ್ಬಿ ಖಾಲಿ ಆಗಬಾರ್ದು. ಎಂಟ್ಹತ್ತು ಸಲ ಪೆಡಲ್ ಹೊಡದ ಮ್ಯಾಲ ಎದ್ದು ಹೋಗಿ ನೋಡಬೇಕು. ಖಾಲಿ ಆಗಿ ಮಾಸ್ಟರ್ ಸಿಲಿಂಡರ್ ಗಾಳಿ ಕುಡೀತು ಅಂದ್ರ ಮೊದಲಿಂದ ಚಾಲೂ.

ಒಬ್ಬನೇ ಮಾಡೋದ್ರ ತ್ರಾಸು ಏನು ಅಂದ್ರ ಒತ್ತೋದಲ್ಲ, ಬಿಡೋದು. ಒತ್ತಿದಾಗ ಆಯಿಲ್ ಹೊರಗ ಹೋಗ್ತೈತಿ, ಅದು ಎಲ್ಲಾರಿಗೂ ಬರ್ತೈತಿ. ಬಿಟ್ಟಾಗ ಪೆಡಲ್ ಹಿಂದಕ್ಕ ಬರ್ತೈತಿ, ನಿಪ್ಪಲ್ ತೆರದ ಇದ್ರ ಹೊರಗಿಂದು ಒಳಗ ಎಳೀತೈತಿ. ಆ ಹೊತ್ತಿಗೆ ನಿಪ್ಪಲ್ ಬಾಯಾಗ ಗಾಳಿ ಇತ್ತೋ ಆಯಿಲ್ ಇತ್ತೋ, ಪ್ರಶ್ನೆ ಅಷ್ಟ. ಇಬ್ರು ಇದ್ರ ನಡುವ ಒಬ್ಬವ ಬಾಯಿ ಮುಚ್ಚತಾನ. ಒಬ್ಬನೇ ಇದ್ರ ಆ ಬಾಯಿ ಯಾವಾಗ್ಲೂ ಆಯಿಲ್‌ದಾಗ ಮುಳುಗಿರೂಹಂಗ ನೋಡ್ಕೋಬೇಕು. ಇದು ತಲ್ಯಾಗ ಕುಂತಿದ್ದು ನನಗ ಮಧ್ಯಾಹ್ನ. ಅಲ್ಲಿತನಕ ಏನೇನು ಮಾಡಿದೆ ಕೇಳ್ರಿ.

ಮೊದಲ ಕೋಲು. ಸೀಟು ಮತ್ತ ಪೆಡಲ್ ನಡುವ ಒಂದು ಕೋಲು ಸಿಗಸಿ, ಸೀಟು ಮುಂದ ಸರಿಸಿ ಪೆಡಲ್ ಒತ್ತಿ ಹಿಡಿಸಿ, ಓಡಿ ಹೋಗಿ ನಿಪ್ಪಲ್ ಬಿಚ್ಚೋದು. ಚುಸ್ ಅಂತ ಒಂದ ಸಲ ಬರ್ತೈತಿ, ಪೆಡಲ್ ಕುಸದು ಕೋಲು ಧಪ್ ಅಂತ ಬೀಳತೈತಿ. ನಿಪ್ಪಲ್ ಬಿಗಿ ಮಾಡು, ಏಳು, ಹೋಗು, ಕೋಲು ಹಚ್ಚು, ಬಾ, ಕುಂದ್ರು. ಕೆಲಸ ಆಕ್ಕೈತಿ, ಸುಳ್ಳಲ್ಲ, ಆದ್ರ ನಾಲ್ಕು ಗಾಲಿಗೆ ಎಷ್ಟು ಸಲ ಏಳಬೇಕು ಎಣಿಸ್ರಿ. ಹತ್ತನೇ ಸಲಕ್ಕ ಪಡಸಾಲ್ಯಾಗಿಂದ ಅಪ್ಪ ಕೇಳಿದ, "ಏನಪಾ, ಗಾಡಿಗೆ ಪ್ರದಕ್ಷಿಣಿ ಹಾಕಾಕತ್ತೀಯೇನು?"

ಆಮ್ಯಾಲ ಸಿರಿಂಜ್. ನಿಪ್ಪಲಿಗೆ ಪೈಪ್ ಹಚ್ಚಿ, ಆ ಕಡೆ ಸಿರಿಂಜ್ ಹಚ್ಚಿ ಎಳದ್ರ ಆಯಿಲ್ ಬರತೈತಿ, ಪೆಡಲ್ ಮುಟ್ಟೂ ಕೆಲಸಾನ ಇಲ್ಲ. ಭಾಳ ಖುಷಿ ಆತು. ಆಯಿಲ್ ಬಂತು, ಅದರ ಕೂಡ ಗುಳ್ಳಿ ಬಂದ್ವು, ಸಾಬೂದಾಣಿ ಅಷ್ಟಷ್ಟು, ಒಂದರ ಹಿಂದೊಂದು. ಎಳದೆ, ಮತ್ತ ಗುಳ್ಳಿ. ಮತ್ತ ಎಳದೆ, ಮತ್ತ ಗುಳ್ಳಿ. ಇಷ್ಟು ಗಾಳಿ ಗಾಡ್ಯಾಗ ಎಲ್ಲಿ ಕುಂತಿತ್ತು ಅಂತ ಒಂದು ತಾಸು ಎಳದೆ, ಅರ್ಧಾ ಡಬ್ಬಿ ಹೊಸಾ ಆಯಿಲ್ ಬಾಟ್ಲ್ಯಾಗ ಹೋತು, ಗುಳ್ಳಿ ನಿಲ್ಲವಲ್ವು. ಕಡೀಕ ತಲೀಗೆ ಹೊಳೀತು, ನಿಪ್ಪಲ್ ಬಿಚ್ಚಿದಾಗ ಅದರ ಆಟಿ ಸಡಲ ಆಗಿರ್ತೈತಿ, ನಾನು ಎಳದಂಗ ಗಾಳಿ ಆ ಆಟಿ ಸಂದ್ಯಾಗಿಂದ ಬಂದು ಸೀದಾ ಪೈಪಿಗೆ ಹೋಗಾಕತ್ತೈತಿ, ಗಾಡಿ ಒಳಗಿಂದಲ್ಲ! ನಿಪ್ಪಲ್ ಪೂರಾ ಬಿಚ್ಚಿ, ಬಾಯಿಗೆ ಬೆರಳು ಹಿಡದು, ಆಟಿಗೆ ಅಷ್ಟ ಸಿಲಿಕಾನ್ ಗ್ರೀಸ್ ಸವರಿ, ತುದಿಯ ತೂತಿಗೆ ಹತ್ತದಂಗ, ವಾಪಸ್ ಹಾಕಿದ್ರ ಗುಳ್ಳಿ ಮುಕ್ಕಾಲು ಕಡಿಮಿ ಆದ್ವು. ಟೆಫ್ಲಾನ್ ಟೇಪ್ ಸುತ್ತೋರು ಅದಾರ, ನನಗ ಅದು ಸೇರಂಗಿಲ್ಲ, ಎಳಿ ಹರದು ತೂತಿನ್ಯಾಗ ಕುಂತ್ರ ಯಾರಿಗೆ ಹೇಳೋದು.

ಅಂತೂ ಬಾಟ್ಲಿಗೆ ಬಂದೆ. ಇದು ಅಜ್ಜನ ಕಾಲದ ದಾರಿ, ಇದರಷ್ಟು ಚಲೋದು ಇನ್ನೊಂದಿಲ್ಲ. ಬಾಟ್ಲ್ಯಾಗ ಎರಡು ಬಟ್ಟು ಹೊಸಾ ಬ್ರೇಕ್ ಆಯಿಲ್ ಹಾಕ್ರಿ. ಪೈಪಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಬಾಟ್ಲಿ ತಳದಾಗ ಆಯಿಲ್‌ದಾಗ ಮುಳುಗಿರಬೇಕು. ಪೈಪ್ ನಿಪ್ಪಲಿನಿಂದ ಮೊದಲ ಒಂದು ಗೇಣು ಮ್ಯಾಲ ಹೋಗಿ ಆಮ್ಯಾಲ ಕೆಳಗ ಬಾಟ್ಲಿಗೆ ಬರಬೇಕು, ನಾನು ಬಾಟ್ಲಿನ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ, ನಿಪ್ಪಲಿಗಿಂತ ಎತ್ತರಕ್ಕ. ಗುಳ್ಳಿಯ ಗುಣ ಮ್ಯಾಲ ಏರೋದು, ಹೊರಗ ಬಂದ ಗುಳ್ಳಿ ಪೈಪಿನ್ಯಾಗ ಮ್ಯಾಲ ಹೋಗಿ ನಿಲ್ಲತೈತಿ, ನಿಪ್ಪಲ್ ಬಾಯಾಗ ಉಳಿಯೋದು ಬರೇ ಆಯಿಲ್. ಪೆಡಲ್ ಬಿಟ್ಟಾಗ ವಾಪಸ್ ಎಳದ್ರೂ ಎಳಿಯೋದು ಆ ಆಯಿಲ್‌ನ. ನಿಪ್ಪಲ್ ಅರ್ಧಾ ಸುತ್ತಿಗಿಂತ ಕಡಿಮಿ ಬಿಚ್ಚಬೇಕು, ಪೆಡಲ್ ಕೆಳಗ ಕಟಗಿ ತುಂಡು ಇಡಬೇಕು (ಮಾಸ್ಟರ್ ಸಿಲಿಂಡರ್ ನೆನಪೈತಲ್ಲ), ಎಂಜಿನ್ ಬಂದ್ ಇರಬೇಕು. ಹೋಗಿ ಕುಂತು ಪೆಡಲ್ ಸಾವಕಾಶ ಒತ್ತಬೇಕು, ಅದಕ್ಕಿಂತ ಸಾವಕಾಶ ಬಿಡಬೇಕು. ಹಸುಗೂಸಿನ ತೊಟ್ಟಿಲಾ ತೂಗಿದಂಗ. ಗಡಬಡಿ ಮಾಡಿ ಬಿಟ್ರ ಆಟಿ ಸಂದ್ಯಾಗಿಂದ ಗಾಳಿ ಎಳಕೋತೈತಿ.

ಒಬ್ಬನೇ ಇದ್ದಾಗ ಇನ್ನೊಂದು ಸಮಸ್ಯಾ, ಗುಳ್ಳಿ ಬಂದ್ವೋ ಇಲ್ಲೋ ನೋಡವ್ರು ಯಾರು? ಮೊಬೈಲ್. ಗಾಲಿ ಹತ್ರ ಕಲ್ಲಿಗೆ ಆನಿಸಿ, ಪೈಪ್ ಕಾಣೂಹಂಗ ವಿಡಿಯೋ ಚಾಲೂ ಮಾಡಿ ಇಟ್ಟು ಹೋಗಿ ಎಂಟು ಸಲ ಒತ್ತಿ ಬಂದೆ. ವಿಡಿಯೋದಾಗ ಮೊದಲನೇ ಒತ್ತಿಗೆ ಕರೀ ಚಾದಂಥಾ ಆಯಿಲ್, ಮೂರನೇದ್ದಕ್ಕ ಒಂದು ಉದ್ದನ್ನ ಗುಳ್ಳಿ ಬಾಲಾ ಬಿಟ್ಟಂಗ ಏರಿ ಹೋತು, ಐದನೇದ್ದಕ್ಕ ಪುಟ್ಟಪುಟ್ಟವು ಮೂರು, ಆಮ್ಯಾಲ ಇಲ್ಲ, ಬಣ್ಣಾ ತಿಳಿ ಆಗ್ತಾ ಬಂತು. ಹಿನ್ನೆಲಿಗೆ ಅವ್ವ ಕಾಯಿಪಲ್ಲೆ ಗಾಡಿಯಂವನ ಕೂಡ ಮೆಂತ್ಯೆ ಸೂಡಿಗೆ ಚೌಕಾಶಿ ಮಾಡಿದ್ದು ಪೂರಾ ರೆಕಾರ್ಡ್ ಆಗೇತಿ. ನಾನು ಆ ವಿಡಿಯೋ ಡಿಲೀಟ್ ಮಾಡಿಲ್ಲ.

ಯಾವ ಗಾಲಿ ಮೊದಲ ಅಂದ್ರ ಮಾಸ್ಟರ್ ಸಿಲಿಂಡರಿಗೆ ಭಾಳ ದೂರ ಇದ್ದದ್ದು. ನಮ್ಮ ಕಡೆ ಗಾಡ್ಯಾಗ ಡ್ರೈವರ್ ಬಲಕ್ಕ ಕುಂದರ್ತಾನ, ಮಾಸ್ಟರ್ ಸಿಲಿಂಡರ್ ಅವನ ಮುಂದ ಬಲಕ್ಕ ಇರ್ತೈತಿ, ಅಂದ ಮ್ಯಾಲ ನಾನು ಹಿಂದಿನ ಎಡಗಾಲಿ, ಹಿಂದಿನ ಬಲಗಾಲಿ, ಮುಂದಿನ ಎಡ, ಕಡೀಕ ಮುಂದಿನ ಬಲ ಹಿಂಗ ಹೋದೆ. ಕೆಲವು ಗಾಡ್ಯಾಗ ಪೈಪ್ ಅಡ್ಡಡ್ಡ ಜೋಡಿಸಿರ್ತಾರ, ಕಂಪನಿ ಪುಸ್ತಕದಾಗ ಬ್ಯಾರೇ ಇದ್ರ ಅದನ್ನ ಕೇಳ್ರಿ, ನನ್ನಲ್ಲ.

ಹಿಂದಿನ ನಿಪ್ಪಲ್ ಬಿಚ್ಚೋದ ದೊಡ್ಡ ಲಡಾಯಿ. ರಬ್ಬರ್ ಟೋಪಿ ಎಂದೋ ಬಿದ್ದು ಹೋಗಿತ್ತು, ತೂತಿನ ತುಂಬ ಕೆಂಪ್ ಮಣ್ಣು. ಸೂಜೀಲೆ ಕೆದರಿ ತೆಗದೆ. ಜಂಗಿನ ಸ್ಪ್ರೇ ಹೊಡದು ಒಂದು ಚಾ ಕುಡ್ಯೋಷ್ಟು ಹೊತ್ತು ಬಿಟ್ಟೆ, ಪಾನಾ ಹಚ್ಚಿ ಮೊದಲ ಚೂರು ಬಿಗಿ ಮಾಡೋ ಕಡೆ ಒತ್ತಿ, ಆಮ್ಯಾಲ ಬಿಚ್ಚೋ ಕಡೆ ಸಣ್ಣ ಸುತ್ತಿಗೀಲೆ ಪಾನಾಕ್ಕ ಬಡದೆ. ಕಿಟ್ ಅಂತ ಶಬ್ದ ಬಂತು. ಆ ಕಿಟ್ ಎರಡು ಥರಾ ಇರ್ತೈತಿ, ಒಂದು ಬಿಚ್ಚಿದ ಕಿಟ್, ಒಂದು ಮುರದ ಕಿಟ್, ಕಿವಿಗೆ ಎರಡೂ ಒಂದ. ಪಾನಾ ತೆಗದು ನೋಡೂತನಕ ಉಸಿರು ಬಿಡಲಿಲ್ಲ. ಬಿಚ್ಚಿತ್ತು. ಡಿಸ್ಕ್, ಪ್ಯಾಡ್ ಹತ್ರ ಮಾತ್ರ ಆ ಸ್ಪ್ರೇ ಹೊಡೀಬ್ಯಾಡ್ರಿ ಮತ್ತ.

ನಾಲ್ಕೂ ಗಾಲಿ ಮುಗಿಸಿ, ಕೈ ತೊಳ್ಕೊಂಡು, ಕುಂತು ಪೆಡಲ್ ಒತ್ತಿದೆ. ಕಲ್ಲು! ಗಟ್ಟಿ ಅಂದ್ರ ಗಟ್ಟಿ, ಎಷ್ಟು ಒತ್ತಿದ್ರೂ ಕದಲವಲ್ದು. ಒಳಗ ಹೋಗಿ ನನ್ನಾಕಿಗೆ "ಆತು ನೋಡು, ಯಾರೂ ಬ್ಯಾಡ, ಒಬ್ಬನೇ ಮಾಡಿದೆ" ಅಂತ ಹೇಳಿ ಬಂದೆ. ಎಂಜಿನ್ ಚಾಲೂ ಮಾಡಿ ಮತ್ತ ಒತ್ತಿದೆ, ಅಷ್ಟ ಗಟ್ಟಿ. ಅಲ್ಲಿ ಚೂರು ಸಂಶೆ ಬಂತು, ಯಾಕಂದ್ರ ಪೆಡಲ್ ಭಾಳ ಕೆಳಗ ನಿಲ್ಲಾಕತ್ತಿತ್ತು. ಬಗ್ಗಿ ನೋಡಿದ್ರ ಕಟಗಿ ತುಂಡು! ಪೆಡಲ್ ಕಟಗೀಗೆ ಬಡದು ನಿಂತೈತಿ, ನಾನು ಅದನ್ನ ಬ್ರೇಕ್ ಅನ್ಕೊಂಡು ಮೆರದಾಡಿ ಬಂದೇನಿ. ಹಂಗ ಓಣಿ ದಾಟಿ ಹೊರಗ ಹೋಗಿದ್ರ ಏನ್ ಗತಿ ಅಂತ ಕೈ ತಣ್ಣಗಾದ್ವು. ಈಗ ಆ ತುಂಡಿಗೆ ಕೆಂಪ್ ರಿಬ್ಬನ್ ಕಟ್ಟೇನಿ, ಅದರ ಇನ್ನೊಂದು ತುದಿ ಸ್ಟೇರಿಂಗಿಗೆ.

ಕಟಗಿ ತೆಗದ ಮ್ಯಾಲ ಒತ್ತಿದ್ರ ಪೆಡಲ್ ಅರ್ಧಕ್ಕಿಂತ ಕೆಳಗ ಹೋತು, ಎರಡನೇ ಸಲ ಒತ್ತಿದ್ರ ಮ್ಯಾಲ ಬಂತು, ಗಟ್ಟಿನೂ ಆತು. ಮತ್ತ ಏರ್ ಉಳೀತು ಅಂತ ಇನ್ನೊಂದು ಸುತ್ತು ನಾಲ್ಕೂ ಗಾಲಿ ಮಾಡೋವನಿದ್ದೆ. ಅಪ್ಪ ಕೋಲು ಊರ್ಕೊಂಡು ಬಂದು ಹೊರಗ ನಿಂತಿದ್ದ. "ಮೆತ್ತಗ ಐತೋ, ಬರೇ ತಗ್ಗಿನ್ಯಾಗ ಐತೋ?" ಅಂತ ಕೇಳಿದ. ಮೆತ್ತಗಿಲ್ಲ, ತಗ್ಗಿನ್ಯಾಗ ಐತಿ ಅಂದೆ. "ಹಂಗಾರ ಹಿಂದಿನ ಶೂ ಸಡಲ ಅದಾವು, ಅಡ್ಜಸ್ಟ್ ಮಾಡು." ಖರೇನ ಇತ್ತು ಮಾತು. ಏರ್ ಇದ್ರ ಪೆಡಲ್ ಸ್ಪಂಜಿನಂಗ ಇರ್ತೈತಿ, ಒತ್ತಿದಷ್ಟೂ ಹೋಗ್ತೈತಿ. ಡ್ರಮ್ಮಿಗೆ ಒಳಗಿಂದ ಒತ್ತಿ ಗಾಲಿ ನಿಲ್ಲಿಸೋ ಶೂ ದೂರ ಇದ್ರ ಪೆಡಲ್ ಕೆಳಗ ಹೋಗಿ ಅಲ್ಲಿ ಗಟ್ಟಿ ಹಿಡೀತೈತಿ, ಎರಡನೇ ಸಲ ಒತ್ತಿದ್ರ ಮ್ಯಾಲ ಹಿಡೀತೈತಿ. ಇದನ್ನ ಏರ್ ತೆಗಿಯೋ ಮೊದಲ ನೋಡಬೇಕಿತ್ತು, ನಾನು ನೋಡಿದ್ದು ಕಡೀಕ. ಶೂ ಹತ್ರ ತಂದ ಮ್ಯಾಲ ಮೊದಲನೇ ಒತ್ತಿಗೇ ಪೆಡಲ್ ಮ್ಯಾಲ ನಿಂತಿತು. ಎಂಜಿನ್ ಬಂದ್ ಇದ್ದಾಗ ಒತ್ತಿ ಹಿಡದು ಚಾಲೂ ಮಾಡಿದ್ರ ಚೂರು ಕೆಳಗ ಇಳೀತು, ಅದು ಕಾಲಿನ ಒತ್ತು ಹೆಚ್ಚಸೋ ಬೂಸ್ಟರ್ ಕೆಲಸ, ಹಂಗ ಇಳೀಬೇಕು. ಅರ್ಧಾ ನಿಮಿಷ ಒತ್ತಿ ಹಿಡದೆ, ಅಲ್ಲಿಂದ ಕೆಳಗ ಹೋಗಲಿಲ್ಲ.

ಇನ್ನ ಹೊಸಾ ಗಾಡಿ ಇದ್ದವ್ರಿಗೆ ಒಂದು ಮಾತು, 2019ರ ಏಪ್ರಿಲ್‌ನಿಂದ ಈ ಕಡೆ ಬಂದ ಕಾರಿನ್ಯಾಗೆಲ್ಲ ಎಬಿಎಸ್ ಐತಿ. ಡಬ್ಬಿ ಖಾಲಿ ಆಗದಂಗ ಬರೇ ಆಯಿಲ್ ಬದಲಿ ಮಾಡೋದಕ್ಕ ಇದ ದಾರಿ ನಡೀತೈತಿ, ಆದ್ರ ಎಬಿಎಸ್ ಡಬ್ಬಿ ಒಳಗ ಗಾಳಿ ಹೊಕ್ತು ಅಂದ್ರ ಭಾಳಷ್ಟು ಗಾಡಿಗೆ ಸ್ಕ್ಯಾನರ್ ಹಚ್ಚಿ ಅದರ ವಾಲ್ವ್ ತೆಗಸಿ ಮುಚ್ಚಿಸಬೇಕಾಕ್ಕೈತಿ, ಮನ್ಯಾಗ ಬಾಟ್ಲಿ ಪೈಪಿಗೆ ಬಗ್ಗಂಗಿಲ್ಲ. ಮತ್ತ ಡಬ್ಬ್ಯಾಗ ಆಯಿಲ್ ಕಡಿಮಿ ಕಾಣ್ತು ಅಂತ ಸುಮ್ನ ತುಂಬಿಸ್ಕೋಂತ ಹೋಗಬ್ಯಾಡ್ರಿ, ಪ್ಯಾಡ್ ಸವದಂಗ ಕ್ಯಾಲಿಪರ್ ಪಿಸ್ಟನ್ ಹೊರಗ ಬರ್ತೈತಿ, ಆ ಜಾಗಾ ತುಂಬಾಕ ಡಬ್ಬ್ಯಾಗಿನ ಆಯಿಲ್ ಇಳೀತೈತಿ. ಮೊದಲ ಪ್ಯಾಡ್ ನೋಡ್ರಿ, ಪ್ಯಾಡ್ ಚಲೋ ಇದ್ರ ಸೋರಿಕಿ ಹುಡುಕ್ರಿ. ಹಳೇ ಆಯಿಲ್‌ನ ಗಟಾರಕ್ಕ ಚೆಲ್ಲಲಿಲ್ಲ, ಬಾಟ್ಲಿ ಮ್ಯಾಲ ಹೆಸರು ಬರದು ಮಿಸ್ತ್ರಿಗೆ ಕೊಟ್ಟೆ, ಎಂಜಿನ್ ಆಯಿಲ್ ಡ್ರಮ್ಮಿಗೆ ಹಾಕಬ್ಯಾಡಪಾ ಅಂತ ಹೇಳಿ.

ಓಣ್ಯಾಗ ನಡಕೋಂತ ಹೋಗೋ ಸ್ಪೀಡಿನ್ಯಾಗ ಹೋಗಿ, ಹ್ಯಾಂಡ್ ಬ್ರೇಕ್ ಮ್ಯಾಲ ಕೈ ಇಟ್ಟು, ನಾಕು ಸಲ ನಿಲ್ಲಿಸಿ ನೋಡಿದೆ, ಸೀದಾ ನಿಂತಿತು. ವಾಪಸ್ ಬಂದು ಫರಸಿ ಮ್ಯಾಲ ಹಚ್ಚಿದೆ. ಅಪ್ಪ ಬಾಗಲಾ ತೆಗದು, ಕುಂದರಲಿಲ್ಲ, ನಿಂತಲ್ಲಿಂದ ಬಗ್ಗಿ ಕೈಲೆ ಪೆಡಲ್ ಒತ್ತಿದ. ಎರಡು ವರ್ಷದ ಹಿಂದ ನೆಲಕ್ಕ ಬಡದ ಮನಷ್ಯಾ ಈಗ ಹಾಲಿನ ಕೆನಿ ಮುಟ್ಟಿದಂಗ ಒತ್ತಿದ. "ಹೂಂ" ಅಂದ. ಆಮ್ಯಾಲ ಗಾಡಿ ಸುತ್ತ ಒಮ್ಮೆ ಕೋಲು ಊರ್ಕೋಂತ ಹೋಗಿ ಹಿಂದಿನ ಎಡಗಾಲಿ ಹತ್ರ ನಿಂತ.

"ಇಲ್ಲಿ ಹನಿ ಐತಿ."

"ನೀರದು, ಈಗ ತೊಳದೇನಲ್ಲ."

ಅವಗ ನೆಲದ ತನಕ ಬಗ್ಗಾಕ ಬರಂಗಿಲ್ಲ, ಕೋಲಿನ ತುದಿ ಆ ಹನಿಗೆ ಅದ್ದಿ ಎತ್ತಿ, ಬೆರಳಿಗೆ ಹಚ್ಕೊಂಡು ತಿಕ್ಕಿ, ನನ್ನ ಮುಖದ ಮುಂದ ಹಿಡದ. "ನೀರು ಹಿಂಗ ಜಾರತೈತೇನು?"

ಗಾಲಿ ಬಿಚ್ಚಿ ನೋಡಿದ್ರ ನಿಪ್ಪಲ್ ಬಿಗಿಯಾಗೋದು ಇನ್ನ ಒಂದು ಎಳಿ ಅಷ್ಟು ಉಳದಿತ್ತು. ಮುರೀತೈತಿ ಅಂತ ಹೆದರಿ ಹೆದರಿ ಕೈ ತಡದಿದ್ದೆ, ಮೊದಲನೇ ಗಾಲಿ ನೋಡ್ರಿ. ಪಾನಾ ಹಚ್ಚಿ ಅಷ್ಟನ್ನ ಎಳದು, ತೊಳದು, ಒರಸಿ, ಹೊಸಾ ರಬ್ಬರ್ ಟೋಪಿ ಹಾಕಿದೆ. ರಾತ್ರಿ ನಾಲ್ಕೂ ಗಾಲಿ ಕೆಳಗ ಹಳೇ ಪೇಪರ್ ಹಾಸಿದೆ. ಸೋಮವಾರ, ಮಂಗಳವಾರ ಗಾಡಿ ಹೊರಗ ತೆಗೀಲಿಲ್ಲ, ಆಫೀಸಿಗೆ ಚಿಗರಿ ಬಸ್ಸಿನ್ಯಾಗ ಹೋದೆ. ಬುಧವಾರ ಮುಂಜಾನಿ ನಾಲ್ಕೂ ಪೇಪರ್ ಒಣಾ ಇದ್ವು.